ಸೋದರಮಾವನ ಕಾಲ್ಪೆಟ್ಟಿಗೆಯ ಶ್ರೋತೃವರ್ಗ

ನನ್ನ ಸೋದರಮಾವನ ಸಂಗೀತಕ್ಕೆ ತಲೆದೂಗಿದವರಲ್ಲಿ ಮನುಷ್ಯರೂ ಇದ್ದರೆಂಬುದಕ್ಕೆ ಈವರೆಗೆ ವಿಶ್ವಾಸಾರ್ಹ ಆಧಾರ ದೊರೆತಿಲ್ಲ. ಬೆಕ್ಕೊಂದು ತಲೆದೂಗಿತೆಂದು ಅವನೇ ಹೇಳುತ್ತಿದ್ದ. ಆದರೆ ಬಾರಿಸಿದವನೇ ಸಾಕ್ಷಿಯಾದ ಸಂಗತಿಯನ್ನು ಒಪ್ಪುವ ಮುನ್ನ ಎರಡನೆಯ ಮೂಲವನ್ನು ಹುಡುಕುವುದು ನನ್ನ ಹಳೆಯ ಚಟ. ಎರಡನೆಯ ಮೂಲವೆಂದರೆ ನನ್ನ ಅತ್ತೆ, ಅಂದರೆ ಅವನ ಹೆಂಡತಿ. ಅವಳ ಹೇಳಿಕೆ ಬೇರೆಯೇ ಇದೆ.

ಮೊದಲು ಕಾಲನಿರ್ಣಯ. ಅಕ್ಕಿಆಲೂರಿನ ಮಾವನ ಮನೆಗೆ ಕಾಲ್ಪೆಟ್ಟಿಗೆ ಬಂದದ್ದು ಎರಡನೆಯ ಮಹಾಯುದ್ಧಕ್ಕೆ ಮೊದಲು ಎಂದು ನನ್ನ ಅವ್ವ, ಯುದ್ಧ ಹತ್ತಿದ ಮೇಲೆ ಎಂದು ಅತ್ತೆ. ಆಗ ನಾನು ಸವಣೂರಿನಲ್ಲಿ ಕನ್ನಡ ಎರಡನೆಯ ಇಯತ್ತೆಯಲ್ಲಿದ್ದೆನೆಂಬುದು ಅವ್ವನ ಆಧಾರ. ಚಿಮಣಿ ಎಣ್ಣೆ ಸಿಗದೆ ಮಾವ ಕತ್ತಲಲ್ಲೇ ಬಾರಿಸುತ್ತಿದ್ದನೆಂಬುದು ಅತ್ತೆಯ ಆಧಾರ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಯುದ್ಧದ ಸುದ್ದಿಯೇ ಇರಲಿಲ್ಲ. ಎಣ್ಣೆಗೆ ಬರ ಬಂದದ್ದು ಅನಂತರ. ಎರಡನ್ನೂ ತಾಳೆ ನೋಡಿದರೆ ಪೆಟ್ಟಿಗೆ ಮೊದಲು ಬಂದಿತ್ತು, ಎಣ್ಣೆ ಆಮೇಲೆ ಹೋಗಿತ್ತು ಎಂದಾಗುತ್ತದೆ. ಮಾವ ಕತ್ತಲಲ್ಲಿ ಬಾರಿಸಿದ್ದಕ್ಕೂ ಬೆಳಕಿನಲ್ಲಿ ಬಾರಿಸಿದ್ದಕ್ಕೂ ಕೇಳುವವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲವಾದ್ದರಿಂದ, ಈ ವಿವಾದವನ್ನು ಇಲ್ಲಿಗೇ ಬಿಡಬಹುದು!

ಮಾವನದು ಭತ್ತದ ವ್ಯಾಪಾರ. ಎತ್ತು ಕೊಳ್ಳಲೆಂದು ಹಾನಗಲ್ಲಿಗೆ ಹೋದವನು, ಅಲ್ಲಿ ಮುರಿದುಬಿದ್ದ ನಾಟಕ ಕಂಪನಿಯೊಂದರ ವಾದ್ಯವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ಕಾಲಿನಿಂದ ತಿದಿ ತುಳಿಯುತ್ತ ಕೈಯಿಂದ ಬಾರಿಸುವ, ಮುಂದೆ ಕುಳಿತವನ ಮುಖವನ್ನೇ ಮರೆಮಾಡುವಷ್ಟು ಎತ್ತರದ ಆ ಪೆಟ್ಟಿಗೆಯನ್ನು ನಾಟಕದವರು ಆರ್ಗನ್ ಎನ್ನುತ್ತಿದ್ದರು. ನಮ್ಮವರಿಗೆ ಅದು ಕಾಲ್ಪೆಟ್ಟಿಗೆ.

“ಎತ್ತ ಎಲ್ಲೈತ್ರಿ?” ಎಂದು ಅತ್ತೆ ಕೇಳಿದಳಂತೆ.

“ಎತ್ತಿಗೂ ನಾಕ ಕಾಲು, ಇದಕ್ಕೂ ನಾಕ ಕಾಲು. ನಿನಗ್ಯಾಕ ಚಿಂತಿ?”

“ಎತ್ತಾದ್ರ ಹೊಟ್ಟು ತಿಂದು ಸುಮ್ಮನ ಮಲಗತೈತಿ,” ಎಂದು ಅವಳು ಒಳಗೆ ಹೋದಳು.

ಮಾವನಿಗೆ ಒಂದು ಸಿದ್ಧಾಂತವಿತ್ತು. ಮನುಷ್ಯರ ಕಿವಿ ದಾಕ್ಷಿಣ್ಯದಿಂದ ಕೆಟ್ಟುಹೋಗಿದೆ. ಸಂಗೀತದ ನಿಜವಾದ ಪರಿಣಾಮವನ್ನು ತಿಳಿಯಬೇಕಾದರೆ ಪಶುಪ್ರಾಣಿಗಳಿಗೆ ಕೇಳಿಸಿ ನೋಡಬೇಕು. ಸಿದ್ಧಾಂತವೇನೋ ಘನವಾದುದೇ. ಅದರ ಪರೀಕ್ಷೆಗೆ ಒಳಗಾಗುವ ಪಾಡು ಮಾತ್ರ ಮನೆಯ ನಾಯಿಯದಾಯಿತು. ಮಾವ ಮೇಲಿನ ಷಡ್ಜಕ್ಕೆ ಏರಿದೊಡನೆ ಅದು ಕತ್ತೆತ್ತಿ ಊಳಿಡುತ್ತಿತ್ತು. ಅದು ಶ್ರುತಿ ಹಿಡಿಯುತ್ತಿದೆಯೆಂದು ಮಾವ, ಹೊಟ್ಟೆನೋವೆಂದು ಅತ್ತೆ. ನಾಯಿಯ ಅಭಿಪ್ರಾಯ ಕೆಲವೇ ದಿನಗಳಲ್ಲಿ ಸ್ಪಷ್ಟವಾಯಿತು: ಅದು ಮನೆ ಬಿಟ್ಟು ಅಕ್ಕಿ ಗಿರಣಿಯ ಎಂಜಿನ್ನಿನ ಪಕ್ಕದಲ್ಲಿ ವಾಸ ಹೂಡಿತು. ಅಲ್ಲಿ ಅದು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದುದನ್ನು ಊರೇ ಕಂಡಿದೆ.

ಬೆಕ್ಕಿನ ಪ್ರಕರಣ ಇದಕ್ಕಿಂತ ಗಹನವಾದುದು. ಮಾವ ಬಾರಿಸತೊಡಗಿದರೆ ಸಾಕು, ಅದು ಎಲ್ಲಿದ್ದರೂ ಬಂದು ಪೆಟ್ಟಿಗೆಯ ಮುಂದೆ ಕೂರುತ್ತಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ನಡುನಡುವೆ ತಲೆಯನ್ನು ಆ ಕಡೆ ಈ ಕಡೆ ಓಲಿಸುತ್ತಿತ್ತು. ಮಾವ ಓಣಿಯವರನ್ನೆಲ್ಲ ಕರೆದು ಈ ರಸಿಕತೆಯನ್ನು ತೋರಿಸಿದ. ಒಂದು ದಿನ ಅತ್ತೆ ಕಸ ಗುಡಿಸುತ್ತ ಪೆಟ್ಟಿಗೆಯ ಹಿಂದಿನ ಹಲಗೆಯನ್ನು ಸರಿಸಿ ನೋಡಿದರೆ, ತಿದಿಯ ಮಗ್ಗುಲಲ್ಲಿ ಇಲಿಯೊಂದು ಮರಿ ಹಾಕಿ ಸಂಸಾರ ಮಾಡಿಕೊಂಡಿತ್ತು! ಮಾವ ತುಳಿದಾಗಲೆಲ್ಲ ಇಲಿಗಳು ಗಾಬರಿಯಾಗಿ ಓಡಾಡುತ್ತಿದ್ದವು. ಬೆಕ್ಕು ಆ ಸದ್ದಿಗೆ ತಲೆ ಓಲಿಸುತ್ತಿತ್ತು. ನಾನು ಮೊದಲಲ್ಲಿ ಹೇಳಿದ ಎರಡನೆಯ ಮೂಲದ ಹೇಳಿಕೆ ಇದೇ.

ಅತ್ತೆ ಸಂಗೀತದ ಶಕ್ತಿಯನ್ನು ಒಪ್ಪಿದ್ದು ಒಂದೇ ಸಲ. ಚಿಕ್ಕೇರೂರಿನಿಂದ ಬಂದ ದೂರದ ನೆಂಟರೊಬ್ಬರು ಹೊರಡುವ ಮಾತೇ ಎತ್ತದಿದ್ದಾಗ, ಮಾವ ಗೌರವದಿಂದ ಪೆಟ್ಟಿಗೆಯ ಬಳಿಯೇ ಅವರಿಗೆ ಹಾಸಿಗೆ ಹಾಸಿಸಿ, ತಲೆದಿಂಬಿನ ಪಕ್ಕದಲ್ಲೇ ಬೆಳಗಿನ ರಾಗವೊಂದನ್ನು ನುಡಿಸಿದ. ನೆಂಟರು ಉಪ್ಪಿಟ್ಟಿಗೂ ಕಾಯದೆ ಚಕ್ಕಡಿ ಹತ್ತಿದರು. ಅಂದು ಅವನ ತಾಟಿಗೆ ತುಪ್ಪ ಹೆಚ್ಚು ಬಿತ್ತೆಂದು ಅವ್ವನ ಹೇಳಿಕೆ. ಅತ್ತೆಯೂ ಇದನ್ನು ನಿರಾಕರಿಸಿಲ್ಲ.

ಇಷ್ಟಾದ ಮೇಲೆ ನಡೆದದ್ದು ನಗುವ ವಿಷಯವಲ್ಲ. ಯುದ್ಧಕಾಲದ ಒಂದು ಬೇಸಿಗೆ ಎಂಬಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಅವ್ವ ಬಾಣಂತನಕ್ಕೆ ತವರಿಗೆ ಬಂದಿದ್ದಳು, ನಾನೂ ಜೊತೆಗಿದ್ದೆ. ತಂಗಿ ಹುಟ್ಟಿದ ವಾರದಲ್ಲೇ ಅವ್ವನಿಗೆ ಜ್ವರ ಹಿಡಿದು ಎದೆಹಾಲು ಬತ್ತಿತು. ಕೂಸಿಗೆ ಆಕಳ ಹಾಲನ್ನು ನೀರು ಬೆರೆಸಿ ಕಾಯಿಸಿ ಹಾಕಿರೆಂದು ವೈದ್ಯರು ಹೇಳಿದರು. ಊರಿನಲ್ಲಿ ದನಗಳಿಗೆ ಕಾಲುಬಾಯಿ ಬೇನೆ ಬಂದು ಹಾಲಿದ್ದ ಮನೆಗಳೇ ವಿರಳವಾಗಿದ್ದವು. ಮಾವನ ಮನೆಯ ಆಕಳೇನೋ ಬೇನೆಗೆ ಸಿಗದೆ ಉಳಿದಿತ್ತು; ಆದರೆ ಅದರ ಎಳೆಗರು ಅದೇ ಬೇನೆಯಲ್ಲಿ ಸತ್ತಿತು. ಕರು ಹೋದ ಆಕಳು ಹಾಲನ್ನು ಇಳಿಸಲೇ ಇಲ್ಲ.

ರೂಢಿಯಂತೆ ಸತ್ತ ಕರುವಿನ ಚರ್ಮದೊಳಗೆ ಭತ್ತದ ಹುಲ್ಲು ತುಂಬಿ ಹೊಲಿಸಿ ಆಕಳ ಮುಂದೆ ನಿಲ್ಲಿಸಿದರು. ತಾಯಿ ಅದನ್ನು ಕರುವೆಂದು ನಂಬಿ ನೆಕ್ಕಿದರೆ ಹಾಲು ಇಳಿಯುತ್ತದೆ. ನಮ್ಮ ಆಕಳು ಮೂಸಿ ನೋಡಿ ಮುಖ ತಿರುಗಿಸಿತು. ನೆರೆಯವರು ಸೌಟು ಹಾಲು ಕೊಡುತ್ತಿದ್ದರು; ಅವರಲ್ಲಿದ್ದುದು ಅವರ ಮಕ್ಕಳಿಗೇ ಸಾಲುತ್ತಿರಲಿಲ್ಲ. ಕೂಸಿನ ಅಳು ದಿನದಿನಕ್ಕೆ ಸಣ್ಣದಾಗುತ್ತ ಬಂತು.

ಮಾವ ಯಾರನ್ನೂ ಕೇಳದೆ ಪೆಟ್ಟಿಗೆಯನ್ನು ನಾಲ್ವರಿಂದ ಹೊರಿಸಿ ದನ ಕಟ್ಟುವ ಅಂಕಣಕ್ಕೆ ಇಳಿಸಿದ. ಬೇರೆ ಉಪಾಯವಿಲ್ಲದೆ ಅತ್ತೆ ಚೆಂಬು ಹಿಡಿದು ಹಿಂಡಲು ಕುಳಿತಳು. ಮಾವ ತನಗೆ ಬರುತ್ತಿದ್ದ ಕರುಣರಸದ ರಾಗಗಳನ್ನೆಲ್ಲ ನುಡಿಸಿದ. ಆಕಳು ಬಾಲ ಎತ್ತಿ ಸಗಣಿ ಹಾಕಿತು. ಭಕ್ತಿರಸಕ್ಕೆ ಬಂದಾಗ ಚೆಂಬನ್ನು ಒದೆಯಿತು. ಒಳಗಿನಿಂದ ಕೂಸಿನ ಕ್ಷೀಣ ಸ್ವರ ಕೇಳಿಸುತ್ತಿತ್ತು. ಮಾವ ಸೋತು, ತಿದಿಯ ಮೇಲಿದ್ದ ಕಾಲನ್ನು ತೆಗೆಯದೆಯೇ, ಮೊಣಕೈಯನ್ನು ಪೆಟ್ಟಿಗೆಯ ಮೇಲೂರಿ ತಲೆ ತಗ್ಗಿಸಿದ.

ಮೊಣಕೈ ಬಿದ್ದದ್ದು ಎಡಗೊನೆಯ ಸ್ವರಪಟ್ಟಿಯ ಮೇಲೆ. ಆ ಪಟ್ಟಿಗೆ ದನಿ ಕೊಡುವ ಹಿತ್ತಾಳೆಯ ರೀಡು ಕೆಟ್ಟಿತ್ತು; ಮಾವ ಅದನ್ನು ಎಂದೂ ಮುಟ್ಟುತ್ತಿರಲಿಲ್ಲ. ಒಳಗೆ ಉಳಿದಿದ್ದ ಗಾಳಿಗೆ ಅದು ಮೂಗಿನಲ್ಲಿ ಕರೆದಂತೆ, ನಡುಗುತ್ತ, ದೀರ್ಘವಾಗಿ ನುಡಿಯಿತು. ಆಕಳ ಕಿವಿ ನಿಮಿರಿತು. ಅದು ತಿರುಗಿ ಹುಲ್ಲಿನ ಕರುವನ್ನು ನೋಡಿತು.

“ಇನ್ನೊಮ್ಮೆ ಒತ್ರಿ ಅದನ್ನ,” ಎಂದಳು ಅತ್ತೆ, ಮೆಲ್ಲಗೆ.

“ಅದು ಕೆಟ್ಟ ಸ್ವರ ಐತಿ.”

“ಕೆಟ್ಟದ್ದ ಇರ್ಲಿ. ಅದನ್ನ ಒತ್ರಿ.”

ಮಾವ ಒತ್ತಿದ. ಆಕಳು ಕರುವಿನ ಬೆನ್ನನ್ನು ನೆಕ್ಕತೊಡಗಿತು. ಅತ್ತೆಯ ಚೆಂಬಿನಲ್ಲಿ ಮೊದಲು ಸಣ್ಣ ಧಾರೆಯ, ಆಮೇಲೆ ನೊರೆಯ ಸದ್ದು. ಅಂದು ತಂಗಿ ಹೊಟ್ಟೆ ತುಂಬಿ ಮಲಗಿದಳು. ಮನೆಯವರೆಲ್ಲ ಅವಳ ಉಸಿರಾಟವನ್ನು ಕೇಳುತ್ತ ಕುಳಿತೆವು. ಆಮೇಲೆ ಅತ್ತೆ ಯಾವ ಕಾರಣವೂ ಇಲ್ಲದೆ ನಗತೊಡಗಿದಳು. ಅವ್ವ ಜ್ವರದಲ್ಲೇ ನಕ್ಕಳು.

ಆ ಬೇಸಿಗೆಯೆಲ್ಲ, ಅದರ ಮುಂದಿನ ಮಳೆಗಾಲವೆಲ್ಲ, ಅಷ್ಟೊಂದು ರಾಗಗಳ ಒಡೆಯನಾದ ನನ್ನ ಮಾವ ಬೆಳಿಗ್ಗೆ ಸಂಜೆ ಒಂದೇ ಒಂದು ಸ್ವರವನ್ನು ನುಡಿಸಿದ, ಅದೂ ಕೆಟ್ಟದ್ದನ್ನು. ಶಿಗ್ಗಾವಿಯಿಂದ ಪೆಟ್ಟಿಗೆ ರಿಪೇರಿಯವನು ಬಂದಾಗ, ಆ ರೀಡಿಗೆ ಕೈ ಹಚ್ಚಿದರೆ ಕೈ ಮುರಿಯುವುದಾಗಿ ಹೇಳಿದವಳು ಅತ್ತೆ!

ತಂಗಿ ಗಂಜಿ ಉಣ್ಣುವಷ್ಟಾದಳು. ಆಕಳು ಮತ್ತೆ ಗಬ್ಬವಾಯಿತು. ಹಾಲು ಹಿಂಡುವುದು ನಿಂತಿತು. ಆದರೂ ಸಂಜೆಯಾದೊಡನೆ ಮಾವ ಅಂಕಣಕ್ಕೆ ಇಳಿದು ಆ ಸ್ವರವನ್ನು ಒತ್ತುತ್ತಿದ್ದ.

“ಈಗ ಹಿಂಡೂದ ಇಲ್ಲಲ್ರಿ. ಯಾರ ಸಲುವಾಗಿ ಬಾರಸ್ತೀರಿ?” ಎಂದು ಅತ್ತೆ ಕೇಳಿದಳು.

ಮಾವ ಕಾಲು ನಿಲ್ಲಿಸದೆ ಹೇಳಿದ. “ಸಂಜೀಕ ಅದು ಈ ಕಡೆ ಕಿವಿ ಮಾಡಿ ನಿಂದರತೈತಿ. ಹಾಲು ಬೇಕಾದಾಗ ಅದರ ಕೂಸಿನ ದನೀಲೆ ಕರದೇವಿ. ನಮ್ಮ ಕೂಸು ಬದುಕಿತು ಅಂತ, ಅದರ ಕೂಸನ್ನ ಒಮ್ಮೆಗೇ ಸುಮ್ಮನ ಮಾಡಿದ್ರ ಹೆಂಗ?”

ಅತ್ತೆ ಅವನ ಪಕ್ಕದಲ್ಲೇ ಕುಳಿತುಬಿಟ್ಟಳು. ಮುಂದಿನ ಕರು ಹುಟ್ಟಿದ್ದು ಒಂದು ಮುಂಜಾನೆ. ಅದು ಒದ್ದೆ ಮೈಯಲ್ಲಿ ತಡವರಿಸಿ ಎದ್ದು, ತನ್ನದೇ ದನಿಯಲ್ಲಿ ತಾಯಿಯನ್ನು ಕರೆಯಿತು, ತಾಯಿ ಓಗೊಟ್ಟಿತು. ಅಂದು ಸಂಜೆ ಮಾವ ಅಂಕಣದ ಬಾಗಿಲಲ್ಲೇ ನಿಂತು ಆ ಎರಡು ದನಿಗಳನ್ನು ಬಹಳ ಹೊತ್ತು ಕೇಳಿದ. ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ.