ಅಜ್ಜಿಗೆ ಬಟ್ಟಲು ತುಂಬ ಚಹಾ ಕೊಟ್ಟಿದ್ದು

ನನ್ನ ಕೈಬರಹ ಕೋಳಿ ಕೆದರಿದ ಹಾಗಿದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಪದ ತಪ್ಪಿದ್ದರೆ ಕ್ಷಮಿಸಿ. ಆದರೆ ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಅಲ್ಮಾಟಿ ನಗರದಲ್ಲೇ ಇಲ್ಲ ಎಂದು ಮೊನ್ನೆ ಭಾನುವಾರದವರೆಗೂ ನಂಬಿದ್ದೆ!

ನಾನಿರುವುದು ಅಣ್ಣ ಬೌರ್ಜಾನನ ಮನೆಯಲ್ಲಿ. ಅವನ ಜೊತೆ ಸಲ್ತಾನತ್ ಅಕ್ಕ ಎರಡು ವರ್ಷದಿಂದ ಇದ್ದಾಳೆ. ಮದುವೆ ಆಗಿಲ್ಲ. ಆದರೂ ಅವಳಿಗೆ ಜ್ವರ ಬಂದರೆ ಅವನು ಸಾರು ಕಾಯಿಸುತ್ತಾನೆ, ಅವನು ಮುನಿದರೆ ಅವಳು ನಗಿಸುತ್ತಾಳೆ. ಮದುವೆಯಾದವರ ಮನೆಗಳಲ್ಲೂ ಇಂಥ ಸಂಸಾರವನ್ನು ನಾನು ಹೆಚ್ಚು ಕಂಡಿಲ್ಲ.

ಇದು ಹಳ್ಳಿಯಲ್ಲಿರುವ ಅಜ್ಜಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಅಣ್ಣನಿಗೆ ಊರ ಬಾಗಿಲು ಮುಚ್ಚಿದ ಹಾಗೆಯೇ. ಅಂಥ ಅಜ್ಜಿ ರೈಲು ಇಳಿದು ಫೋನ್ ಮಾಡಿದರು: "ಬರ್ತಾ ಇದ್ದೀನಿ!"

"ಹೆದರಬೇಡಿ, ನಾನಿದ್ದೀನಿ!" ಎಂದು ಎದೆ ತಟ್ಟಿಕೊಂಡೆ. ಅಕ್ಕನ ಬಟ್ಟೆ, ಬಾಚಣಿಗೆ, ಚಪ್ಪಲಿ ಎಲ್ಲವನ್ನೂ ಸೋಫಾದ ಹೊಟ್ಟೆಗೆ ತುರುಕಿದೆ. ಅಜ್ಜಿ ಬಂದ ಕೂಡಲೇ ಅಕ್ಕನನ್ನು ತೋರಿಸಿ ಘೋಷಿಸಿದೆ: "ಇವರು ಪಕ್ಕದ ಮನೆಯವರು!"

"ಈ ಚಳೀಲಿ ಬರಿಗಾಲಲ್ಲಿ ಬಂದ್ಲಾ?"

"ತುಂಬಾ ಪಕ್ಕ, ಅಜ್ಜಿ!"

ಪಕ್ಕದ ಮನೆಯವಳು ಚಹಾ ಬಗ್ಗಿಸುವಂತಿಲ್ಲವಲ್ಲ! ನಾನೇ ಕೆಟಲ್ ಹಿಡಿದೆ. ಗಡಿಬಿಡಿಯಲ್ಲಿ ಬಟ್ಟಲನ್ನು ಅಂಚಿನವರೆಗೂ ತುಂಬಿಸಿಬಿಟ್ಟೆ. ಅಜ್ಜಿ ಬಟ್ಟಲನ್ನು ನೋಡಿದರು. ನನ್ನನ್ನು ನೋಡಿದರು. ಎದ್ದು ಕೋಟು ಹಾಕಿಕೊಂಡರು.

"ತುಂಬಿಸಿ ಕೊಟ್ಯಾ! ಕುಡಿದು ಹೊರಡು ಅಂತ ತಾನೆ? ಬಾಯಲ್ಲೇ ಹೇಳಬಹುದಿತ್ತು. ಬೌರ್ಜಾನ್, ನನ್ನ ಚೀಲ ಕೊಡು."

"ಅಜ್ಜೀ, ಅವಳು ಗಡಿಬಿಡೀಲಿ..." ಅಣ್ಣ ತೊದಲುವಷ್ಟರಲ್ಲಿ ಅಜ್ಜಿ ಮೆಟ್ಟಿಲ ಮೇಲಿದ್ದರು.

ಸಲ್ತಾನತ್ ಅಕ್ಕ ಬರಿಗಾಲಲ್ಲೇ ಹಿಂದೆ ಓಡಿದಳು. "ಹೋಗ್ಬೇಡಿ ಅಜ್ಜಿ! ನಮ್ಮನೆಗೆ ಬಂದೋರು ಚಹಾ ಕುಡೀದೆ ಹೋದ್ರೆ ನಾನು ಹ್ಯಾಗೆ ಮುಖ ತೋರಿಸ್ಲಿ?"

"ನಮ್ಮನೆ ಅಂದ್ಯಾ?"

ಅಕ್ಕ ನಾಲಿಗೆ ಕಚ್ಚಿಕೊಂಡಳು. ನಾನು ಇನ್ನೊಂದು ಸುಳ್ಳು ಹೊಸೆಯುವ ಮೊದಲೇ ಅವಳು ಹೇಳಿಬಿಟ್ಟಳು: "ಹೌದು ಅಜ್ಜಿ. ಎರಡು ವರ್ಷ ಆಯ್ತು. ಮದುವೆ ಆಗಿಲ್ಲ. ಬೈಯೋದಾದ್ರೆ ಒಳಗೆ ಬಂದು ಬೈಯಿರಿ, ಇಲ್ಲಿ ಚಳಿ."

ಅಜ್ಜಿ ಅವಳ ಕೆಂಪೇರಿದ ಪಾದಗಳನ್ನು ನೋಡಿದರು. ಒಳಗೆ ಬಂದು ಕೂತು, ನಾನು ತುಂಬಿಸಿದ್ದನ್ನು ಪಕ್ಕಕ್ಕೆ ಸರಿಸಿ, ಬೇರೊಂದು ಖಾಲಿ ಬಟ್ಟಲನ್ನು ಅವಳ ಮುಂದೆ ಚಾಚಿದರು. ಅಕ್ಕ ಅರ್ಧ ಬಗ್ಗಿಸಿದಳು; ನಮ್ಮಲ್ಲಿ ಅರ್ಧ ಬಟ್ಟಲು ಕೊಟ್ಟರೆ ಇನ್ನೂ ಕೂತಿರಿ ಎಂದರ್ಥ. ಕುಡಿದು ಮತ್ತೆ ಚಾಚಿದರು. ಹೀಗೆ ಏಳು ಸಲ!

"ಮದುವೆ ನಿಮಗೆ ಬೇಕಾದಾಗ ಆಗ್ರಪ್ಪ. ಈ ಮನೇಲಿ ಕೂತು ಚಹಾ ಕುಡೀಬಹುದು" ಎಂದು ಹಣೆಯ ಬೆವರೊರೆಸಿಕೊಂಡು, ನನ್ನ ಕಡೆ ತಿರುಗಿದರು: "ನನಗೆ ಚಿಂತೆ ಇವಳದ್ದೇ. ಇವಳು ಚಹಾ ಬಗ್ಗಿಸಿದ್ರೆ ಬಂದ ದಿಬ್ಬಣವೇ ಎದ್ದು ಹೋಗುತ್ತೆ!"

ಅಜ್ಜಿ ಇನ್ನೂ ಹತ್ತು ದಿನ ಇರುತ್ತಾರಂತೆ. ನಾಳೆ ಬೆಳಗ್ಗೆಯಿಂದ ಅಕ್ಕನ ಪಕ್ಕದಲ್ಲಿ ಕೂತು ಚಹಾ ಬಗ್ಗಿಸುವುದನ್ನು ಕಲಿಯುತ್ತೇನೆ.