ಅಂಪೈರ್ ಬೆರಳಿಗೆ ನಟ್ಟು

ಯಾರ ಒತ್ತಾಯವೂ ಇಲ್ಲದೆ, ನನ್ನ ಮನಸ್ಸಾಕ್ಷಿಯ ಮಾತಿಗೆ ಮಾತ್ರ ಕಿವಿಗೊಟ್ಟು, ಸ್ವಂತ ಇಷ್ಟದಿಂದ ಈ ತಪ್ಪೊಪ್ಪಿಗೆಯನ್ನು ಬರೆಯುತ್ತಿದ್ದೇನೆ. ವಯಸ್ಸಾದ ಮೇಲೆ ತಪ್ಪು ಒಪ್ಪಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಬಯ್ಯಬೇಕಾದವರಲ್ಲಿ ಅರ್ಧ ಜನ ಇರುವುದಿಲ್ಲ, ಉಳಿದವರಿಗೆ ಕಿವಿ ಕೇಳುವುದಿಲ್ಲ. ನನ್ನ ದುರದೃಷ್ಟಕ್ಕೆ ನನ್ನ ಹೆಂಡತಿ ಸಾವಿತ್ರಿಯ ಎರಡೂ ಕಿವಿ ಚೆನ್ನಾಗಿವೆ, ಕಣ್ಣು ಇನ್ನೂ ಚೆನ್ನಾಗಿದೆ. ಮೂವತ್ತು ವರ್ಷಗಳಿಗೂ ಹಿಂದೆ ನಾನು ಒಂದು ನಟ್ಟಿನ ವಿಷಯದಲ್ಲಿ ಸುಳ್ಳು ಬರೆದೆ. ಅದರ ಏಟು ಬಿದ್ದದ್ದು ನನ್ನ ದೊಡ್ಡ ಮಗ ಮಂಜನಿಗೆ. ಅವನಿಗೀಗ ನಲವತ್ತು ದಾಟಿದೆ. ಏಟು ಇನ್ನೂ ಬೀಳುತ್ತಲೇ ಇದೆ.

ಆಗ ನಾವು ಪೀಣ್ಯದ ಒಂದು ವಠಾರದಲ್ಲಿದ್ದೆವು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ ನಾನು ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಸಾವಿತ್ರಿ ಗಾರ್ಮೆಂಟ್ಸಿನಲ್ಲಿ ಚೆಕರ್. ಹೊಲಿದು ಬಂದ ಅಂಗಿಗಳಲ್ಲಿ ದೋಷ ಹುಡುಕುವುದು ಅವಳ ಕೆಲಸ. ದೋಷ ಕಂಡಲ್ಲಿ ಅಂಟಿಸಲು ಕೆಂಪು ಬಾಣದ ಸ್ಟಿಕರು ಕೊಡುತ್ತಿದ್ದರು. ಎಂಟು ವರ್ಷದ ಮಂಜ, ಆರು ವರ್ಷದ ಸೀನ, ಇವರಿಬ್ಬರನ್ನು ಮಕ್ಕಳು ಎನ್ನುವುದಕ್ಕಿಂತ ಬೆಲ್ಟು ಕಳಚಿದ ಎರಡು ಮೆಷೀನು ಎಂದರೆ ಸರಿಹೋದೀತು. ಒಬ್ಬ ನೀರಿನ ಟ್ಯಾಂಕಿನ ಮೇಲಿದ್ದರೆ ಇನ್ನೊಬ್ಬ ಟ್ಯಾಂಕಿನ ಒಳಗೆ. ನನಗೆ ಬೆಳಗಿನ ಪಾಳಿ. ಹುಡುಗರು ಶಾಲೆಯಿಂದ ಬಂದಾಗಿನಿಂದ ಸಾವಿತ್ರಿ ಆರು ಗಂಟೆಗೆ ಬರುವ ತನಕ ನಾನೇ ಡ್ಯೂಟಿಯಲ್ಲಿರುವವನು.

ಕಾರ್ಖಾನೆಯಲ್ಲಿ ಪಾಳಿ ಮುಗಿದಾಗ ಮುಂದಿನವನಿಗಾಗಿ ಪುಸ್ತಕದಲ್ಲಿ ಮೆಷೀನಿನ ಸ್ಥಿತಿ ಬರೆದಿಟ್ಟು ಹೋಗುವುದು ಪದ್ಧತಿ. ಆ ಜಾಣತನವನ್ನು ನಾನು ಮನೆಗೂ ತಂದೆ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ದಿನಾ ಬರೆಯುತ್ತಿದ್ದೆ: ‘ಸೀನ, ಹಲ್ಲು ಒಂದು ಕಡಿಮೆ, ತಾನಾಗಿ ಬಿದ್ದದ್ದು. ಮಂಜ, ಚಪ್ಪಲಿ ಒಂದು, ಇನ್ನೊಂದು ಮೋರಿಯಲ್ಲಿ.’ ಸಾವಿತ್ರಿ ಬಂದವಳೇ ಚೀಲ ಕೆಳಗಿಟ್ಟು ಪುಸ್ತಕ ಓದಿ, ಹುಡುಗರನ್ನು ಬೆಳಕಿಗೆ ನಿಲ್ಲಿಸಿ, ತಿರುಗಿಸಿ ನೋಡುತ್ತಿದ್ದಳು. ನಾನು ಬರೆಯದೆ ಬಿಟ್ಟದ್ದು ಎಲ್ಲಿ ಕಂಡರೂ ಅಲ್ಲೊಂದು ಕೆಂಪು ಬಾಣ. ಮೊಣಕಾಲಿಗೊಂದು, ಕಿತ್ತ ಗುಂಡಿಗೊಂದು, ಮೂಗಿಗೆ ದಿನವೂ ಒಂದು. ಅವಳು ನನಗೆ ಹಾಕಿದ್ದ ಕಟ್ಟಪ್ಪಣೆ ಮಾತ್ರ ಒಂದೇ. “ನೋಡ್ರೀ, ಫ್ಯಾಕ್ಟರಿ ಕಬ್ಬಿಣ ಹೊಸ್ಲು ದಾಟ್ಬಾರ್ದು. ಒಂದು ನಟ್ಟು ಕಂಡ್ರೂ ನಿಮ್ಮ ಪ್ಯಾಂಟೆಲ್ಲ ನೀವೇ ಒಗ್ಕೊಳಿ, ಜೀವನ ಪೂರ್ತಿ.” ಫಿಟ್ಟರನ ಜೇಬಿನಲ್ಲಿ ನಟ್ಟಿಲ್ಲದಿರುವುದು ಹೇಗೆ ಎಂದು ಅವಳಿಗೆ ವಿವರಿಸುವ ಧೈರ್ಯ ನನಗೆ ಇರಲಿಲ್ಲ.

ಅದು ಶಾಲೆಗಳಲ್ಲಿ ಎಲ್ಲ ಸಂಭ್ರಮಗಳೂ ಒಟ್ಟಿಗೆ ಬರುವ ಕಾಲ. ಆಟೋಟ, ಮೈಸೂರಿನ ಮೃಗಾಲಯಕ್ಕೆ ಪ್ರವಾಸ, ವೇಷಭೂಷಣ ಸ್ಪರ್ಧೆ. ಮಂಜ ಪ್ರವಾಸಕ್ಕೆ ಹೆಸರು ಕೊಟ್ಟಾಗಿತ್ತು. ಘೇಂಡಾಮೃಗ ನೋಡುವ ಆಸೆಗೆ ನಿದ್ದೆಯಲ್ಲೂ ಗುಟುರು ಹಾಕುತ್ತಿದ್ದ. ಸೀನ ಸ್ಪರ್ಧೆಯಲ್ಲಿ ಕ್ರಿಕೆಟ್ ಅಂಪೈರ್. ಸಾವಿತ್ರಿ ರಿಜೆಕ್ಟ್ ಬಟ್ಟೆಯಲ್ಲಿ ಬಿಳಿ ಕೋಟು ಹೊಲಿದಿದ್ದಳು. ಮಾತಿಲ್ಲದ ವೇಷ, ಬೆರಳೆತ್ತಿ ನಿಂತರಾಯಿತು. ಆದರೆ ಸೀನ ಎತ್ತಿದ ಬೆರಳು ಕ್ಷಣದಲ್ಲೇ ಬೆಂದ ಬೀನ್ಸಿನಂತೆ ಬಾಗುತ್ತಿತ್ತು. ಸ್ಪರ್ಧೆಯ ಹಿಂದಿನ ಸಂಜೆ ಐದು ಗಂಟೆಗೆ ನನ್ನೊಳಗಿನ ಫಿಟ್ಟರ್ ಎದ್ದು ಕೂತ. ಬಾಗುವುದಕ್ಕೆ ಆಧಾರ ಕೊಡಬೇಕು, ಅಷ್ಟೇ ತಾನೆ? ಜೇಬಿಗೆ ಕೈಹಾಕಿದರೆ ಹನ್ನೆರಡು ಎಂಎಂ ನಟ್ಟು ಸಿಕ್ಕಿತು. ಸೀನನ ತೋರುಬೆರಳಿಗಿಟ್ಟು ನಯವಾಗಿ ತಿರುಗಿಸಿದೆ. ಗೆಣ್ಣು ದಾಟಿ ಕೂತಿತು. ಬೆರಳು ಕಂಬದಂತೆ ನಿಂತಿತು! ಅಷ್ಟು ಒಳ್ಳೆಯ ಫಿಟ್ಟಿಂಗನ್ನು ನಾನು ಕಾರ್ಖಾನೆಯಲ್ಲೂ ಮಾಡಿರಲಿಲ್ಲ.

ತೆಗೆಯಲು ಹೋದರೆ ಬರಲಿಲ್ಲ. ಸೋಪು ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ಹರಳೆಣ್ಣೆ ಹಚ್ಚಿದೆ. ಬೆರಳು ಒಗ್ಗರಣೆಗೆ ಸಿದ್ಧವಾಯಿತೇ ಹೊರತು ನಟ್ಟು ಅಲ್ಲಾಡಲಿಲ್ಲ. ನಾನು ಗರಗಸದ ಕಡೆ ನೋಡಿದ್ದನ್ನು ನೋಡಿ ಸೀನ ಬಾಯಿ ತೆರೆದ. “ಅಳ್ಬಾರ್ದು ಮಗಾ, ಅಂಪೈರ್ ಅಳಲ್ಲ. ಮಾತೂ ಆಡಲ್ಲ. ಯಾರೇನ್ ಕೇಳಿದ್ರೂ ಸುಮ್ನೆ ಬೆರಳೆತ್ಬೇಕು, ಅಷ್ಟೇ” ಎಂದೆ. ಅಷ್ಟರಲ್ಲಿ ಗೇಟಿನ ಬಳಿ ಸಾವಿತ್ರಿಯ ಚಪ್ಪಲಿಯ ಸದ್ದಾಯಿತು. ನನ್ನ ಕಣ್ಣ ಮುಂದೆ ಜೀವನ ಪೂರ್ತಿಯ ಪ್ಯಾಂಟುಗಳು ಸಾಲಾಗಿ ತೂಗಾಡಿದವು. ಪುಸ್ತಕ ಎಳೆದುಕೊಂಡು ಬರೆದೇಬಿಟ್ಟೆ: ‘ಮಂಜ ಎಲ್ಲಿಂದಲೋ ನಟ್ಟು ಹೆಕ್ಕಿ ತಂದು ಸೀನನ ಬೆರಳಿಗೆ ಹಾಕಿದ್ದಾನೆ.’

ಸಾವಿತ್ರಿ ಓದಿದಳು. ನಟ್ಟಿಗೊಂದು ಬಾಣ ಅಂಟಿಸಿ, ಮಂಜನನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು ಸೀನನನ್ನು ಕೇಳಿದಳು. “ನಿಜ ಹೇಳೋ, ಯಾರೋ ಹಾಕಿದ್ದು?”

ಅಂಪೈರ್ ಬಾಯಿ ಬಿಡಲಿಲ್ಲ. ಮಂಜನ ಮುಖ ನೋಡಿಕೊಂಡು ಗಂಭೀರವಾಗಿ ಬೆರಳೆತ್ತಿದ.

ಔಟ್! ಸಾವಿತ್ರಿ ಮಂಜನ ಹಣೆಗೂ ಒಂದು ಬಾಣ ಅಂಟಿಸಿ, “ನಿನಗೆ ಟೂರಿಲ್ಲ, ಹೋಗು” ಎಂದಳು. ಇವನಾದರೂ ‘ನಾನಲ್ಲ’ ಎನ್ನಬಾರದೇ? ಆ ದಿನ ಅವನು ಮಾಡಿದ್ದ ಭಾನಗಡಿಗಳಲ್ಲಿ ಲೆಕ್ಕ ತಪ್ಪಿಹೋಗಿ, ಇದೂ ತನ್ನದೇ ಇರಬಹುದೆಂದು ಅವನೇ ನಂಬಿಬಿಟ್ಟ! “ಯಾವಾಗ್ ಹಾಕ್ದೆ ಅಂತ ನೆನಪಾಗ್ತಿಲ್ಲಮ್ಮಾ, ತಪ್ಪಾಯ್ತು” ಎಂದ. ನಾನು ಪಕ್ಕದಲ್ಲೇ ಹರಳೆಣ್ಣೆ ಬಾಟಲಿ ಹಿಡಿದು ನಿಂತಿದ್ದೆ.

ನಟ್ಟನ್ನು ತೆಗೆದವಳೂ ಸಾವಿತ್ರಿಯೇ. “ಥ್ರೆಡ್ ಬೇಕು” ಎಂದಳು. “ಥ್ರೆಡ್ ನಟ್ಟಿನೊಳಗೇ ಇದೆ ಕಣೇ” ಎಂದು ನಾನು ನಟ್ಟಿನ ಒಳಸುತ್ತಿನ ಗೀರು ತೋರಿಸುತ್ತ ತಜ್ಞನಂತೆ ನುಡಿದೆ. “ನಿಮ್ಮ ಥ್ರೆಡ್ಡಲ್ಲ ರೀ, ನನ್ನ ಥ್ರೆಡ್ಡು” ಎಂದು ಚೀಲದಿಂದ ದಾರದ ಉಂಡೆ ತೆಗೆದಳು. ತುದಿಯನ್ನು ನಟ್ಟಿನಡಿ ತೂರಿಸಿ, ಬೆರಳಿಗೆ ಒತ್ತಾಗಿ ಸುತ್ತಿ, ತೂರಿಸಿದ ತುದಿ ಹಿಡಿದು ಹಿಂದಿನಿಂದ ಬಿಚ್ಚುತ್ತ ಬಂದಳು; ನಟ್ಟು ಮೆಟ್ಟಿಲಿಳಿದಂತೆ ಇಳಿದು ಅವಳ ಅಂಗೈಗೆ ಬಿತ್ತು. ಮರುದಿನ ಸೀನನ ಬೆರಳು ಊದಿಕೊಂಡು ಬಾಗಲೇ ಇಲ್ಲ. ಅವನಿಗೆ ಎರಡನೇ ಬಹುಮಾನ ಬಂತು.

ಪ್ರವಾಸದ ಬಸ್ಸು ಮಂಜನನ್ನು ಬಿಟ್ಟು ಹೋಯಿತು. ಅವನು ದಿನವಿಡೀ ಹೊಸ್ತಿಲ ಮೇಲೆ ಕೂತಿದ್ದ, ಏನೂ ಒಡೆಯಲಿಲ್ಲ. ಅದೊಂದೇ ದಿನ ನಮ್ಮ ಪುಸ್ತಕದ ಹಾಳೆ ಖಾಲಿ. ನೋಡಲಾಗದೆ ನಾನು ಮಂಡಿಯೂರಿ, ಮೂಗಿನ ಮೇಲೆ ಕ್ಯಾರೆಟ್ ಇಟ್ಟುಕೊಂಡು, ಘೇಂಡಾಮೃಗವಾಗಿ ಮನೆಯೊಳಗೆ ನಾಲ್ಕು ಸುತ್ತು ಬಂದೆ. ಮಂಜ ನಕ್ಕ. ನಾನು ನಿಜ ಹೇಳಬೇಕಾಗಿದ್ದದ್ದು ಆಗ. ಕ್ಯಾರೆಟ್ ತಿಂದುಕೊಂಡು ಎದ್ದೆ.

ಆಮೇಲೆ ಆ ನಟ್ಟು ಮಂಜನ ಬೆನ್ನು ಬಿಡಲಿಲ್ಲ. ಅವನ ಮದುವೆಯಲ್ಲಿ ಉಂಗುರ ತೊಡಿಸುವ ಹೊತ್ತಿಗೆ ಸೋದರತ್ತೆಯೊಬ್ಬಳು, “ಅಯ್ಯೋ, ಸರಿಯಾಗ್ ನೋಡ್ರಪ್ಪಾ, ನಟ್ಟು ಗಿಟ್ಟು ಹಾಕ್ಬಿಟ್ಟಾನು!” ಎಂದು ಕೂಗಿ ಇಡೀ ಛತ್ರ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು, ದೇವರು ನನ್ನನ್ನು ಕ್ಷಮಿಸಲಿ, ನಾನೇ.

ಇವತ್ತು ಭಾನುವಾರ, ಮಂಜ ಮನೆಗೆ ಬಂದ. ಊಟವಾದ ಮೇಲೆ ಅದೇ ಕಥೆ ತೆಗೆದ. ಮಾಡದ ತಪ್ಪಿಗೆ ಇಷ್ಟು ವರ್ಷದಲ್ಲಿ ಕೈಕಾಲು ಬೆಳೆದಿದ್ದವು. “ನಾನು ಸೀನನ್ ಬೆರಳಿಗೆ ನಟ್ಟು ಇಟ್ಟು, ಹಿಂಗೆ ಸುತ್ತಿಗೇಲಿ ಎರಡೇಟು ಕೊಟ್ಟೆ, ಕೂತ್ಕೊಂಡ್ಬಿಡ್ತು” ಎಂದ. ಸುತ್ತಿಗೆಯೇ? ಅಂಥ ಸೊಗಸಾದ ಕೆಲಸಕ್ಕೆ ಸುತ್ತಿಗೆಯೇ? ಮೂವತ್ತು ವರ್ಷ ಫಿಟ್ಟರಾಗಿ ದುಡಿದವನು ಇದನ್ನು ಹೇಗೆ ಸಹಿಸಲಿ! “ಸುತ್ತಿಗೆ ಯಾಕೋ ಬೇಕು? ಬೆರಳು ನೆಟ್ಟಗೆ ಹಿಡ್ಕೊಂಡು, ಬಲಕ್ಕೆ ನಿಧಾನವಾಗಿ ತಿರುಗ್ಸಿದೆ. ನೋಡಿಲ್ಲಿ, ಹಿಂಗೆ” ಎಂದು ಟೂಲ್ ಡಬ್ಬಿಯಿಂದ ಇಪ್ಪತ್ತು ಎಂಎಂ ನಟ್ಟೊಂದನ್ನು ತೆಗೆದು ನನ್ನ ಎಡಗೈ ತೋರುಬೆರಳಿಗೆ ತಿರುಗಿಸಿ ತೋರಿಸಿದೆ. ಫಿಟ್ಟಿಂಗ್ ಈಗಲೂ ಅಷ್ಟೇ ಚೆನ್ನಾಗಿ ಬಂತು.

ಸಾವಿತ್ರಿ ನನ್ನ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು.

“ತಿರುಗ್ಸಿದೆ?” ಎಂದಳು ಸಾವಿತ್ರಿ. “ಯಾರ್ರೀ ತಿರುಗ್ಸಿದ್ದು?”

ಮಂಜ ನನ್ನನ್ನೇ ನೋಡುತ್ತಿದ್ದ. “ಅಪ್ಪಾ, ನಾನು ಘೇಂಡಾಮೃಗ ನೋಡ್ಲೇ ಇಲ್ಲ!” ಎಂದ. ನಲವತ್ತು ದಾಟಿದ ಗಂಡಸಿನ ಬಾಯಲ್ಲಿ ಎಂಟು ವರ್ಷದ ದನಿ.

ನಟ್ಟು ಇನ್ನೂ ಬೆರಳಲ್ಲೇ ಇದೆ. ಸಾವಿತ್ರಿ ದಾರದ ಉಂಡೆ ಮಡಿಲಲ್ಲಿಟ್ಟುಕೊಂಡು ಎದುರಿಗೇ ಕೂತಿದ್ದಾಳೆ. “ಮೊದ್ಲು ಬುಕ್ಕಲ್ಲಿ ಇದ್ದದ್ದು ಇದ್ದಂಗೆ ಬರೀರಿ, ಆಮೇಲೆ ಥ್ರೆಡ್ಡು” ಎಂದು ಅದೇ ಹಳೆಯ ಪುಸ್ತಕ ತಂದು ಮುಂದಿಟ್ಟಿದ್ದಾಳೆ. ಊತ ಇಳಿಯಲೆಂದು ಎಡಗೈ ಬೆರಳನ್ನು ಮೇಲೆತ್ತಿ, ನನಗೆ ನಾನೇ ಔಟ್ ಕೊಟ್ಟುಕೊಳ್ಳುತ್ತ, ಬಲಗೈಯಲ್ಲಿ ಇಷ್ಟನ್ನೂ ಬರೆದೆ. ಮುಂದಿನ ವಾರ ಮಂಜನನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆಂದೂ ಇಲ್ಲೇ ಬರೆದು ಸಹಿ ಹಾಕಿದ್ದೇನೆ.

ಸಹಿಯಾದ ಮೇಲೆ ಸೇರಿಸಿದ್ದು: ಸಾವಿತ್ರಿ ಪುಸ್ತಕವನ್ನು ಬೆಳಕಿಗೆ ಹಿಡಿದು ಪೂರ್ತಿ ಓದಿದಳು. ನಿವೃತ್ತಿಯಾದಾಗ ಉಳಿದ ಸ್ಟಿಕರಿನ ಸುರುಳಿ ಅವಳ ಬಳಿ ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಂದೇ ಒಂದು ಕೆಂಪು ಬಾಣ ಕಿತ್ತು, ‘ಯಾರ ಒತ್ತಾಯವೂ ಇಲ್ಲದೆ’ ಎಂಬ ಮೊಟ್ಟಮೊದಲ ವಾಕ್ಯಕ್ಕೆ ಅಂಟಿಸಿ, ದಾರವನ್ನು ಮತ್ತೆ ಮಡಿಲಿಗೆ ಹಾಕಿಕೊಂಡಳು.