ಬರಿಗಾಲಿನ ಘೋಷಣೆ

ಹೆಲ್‌ವಿಕ್ ಕುದುರೆಗಾಡಿ ಪಂದ್ಯದ ಮೈದಾನದಲ್ಲಿ ಜೂಜು ಕಟ್ಟುವವರಿಗೆ ತಿಳಿಯದ ಸಂಗತಿ ಯಾವುದೂ ಇರತಕ್ಕದ್ದಲ್ಲ. ಇದು ನಿಯಮ ಹದಿನಾಲ್ಕು. ಕುದುರೆಗೆ ತಿಳಿಯದ ಸಂಗತಿಗಳು ಬೇಕಾದಷ್ಟಿರಬಹುದು, ಅದಕ್ಕೆ ನಿಯಮದ ಅಡ್ಡಿಯಿಲ್ಲ.

ಆದ್ದರಿಂದ ಪಂದ್ಯಕ್ಕೆ ಮುಂಚೆ ಪ್ರತಿಯೊಬ್ಬ ಸಾರಥಿಯೂ ತನ್ನ ಕುದುರೆಗೆ ಲಾಳ ಇದೆಯೋ, ಲಾಳ ಬಿಚ್ಚಿದ ಬರಿಗಾಲೋ ಎಂದು ಮಾಹಿತಿ ವಿಭಾಗಕ್ಕೆ ಘೋಷಿಸಬೇಕು. ಬರಿಗಾಲಿನ ಕುದುರೆ ಹಗುರವಾಗಿ ಓಡುತ್ತದೆಂಬುದು ಸ್ವೀಡನ್ನಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಹೋದ ವರ್ಷ ಒಬ್ಬ ಗಿರಾಕಿ, ಸಾರಥಿಯ ನೆಗಡಿಯನ್ನು ಮುಚ್ಚಿಟ್ಟದ್ದರಿಂದಲೇ ತಾನು ಸೋತೆನೆಂದು ದೂರು ಕೊಟ್ಟ. ಅಲ್ಲಿಂದ ಸಾರಥಿಯ ಮೂಗು, ನಿದ್ದೆ, ಬೆಳಗಿನ ಕಾಫಿ ಎಲ್ಲವೂ ನಮೂನೆಗೆ ಸೇರಿ ಪ್ರಶ್ನೆಗಳು ನಲವತ್ತೊಂದಾದವು. ಕುದುರೆಗೊಂದು ಹಾಳೆ, ಮನುಷ್ಯನಿಗೊಂದು ಹಾಳೆ ಎಂದರೆ ಕಾಗದ ದಂಡವೆಂದು ಇಬ್ಬರನ್ನೂ ಒಂದೇ ಹಾಳೆಗೆ ಹಾಕಿದರು. ಮೂವತ್ತೇಳನೆಯ ಸಾಲಿನಲ್ಲಿ 'ಬರಿಗಾಲು' ಎಂದಷ್ಟೇ ಇತ್ತು. ಯಾರದು ಎಂದಿರಲಿಲ್ಲ.

ಅಕ್ಟೋಬರಿನ ಆ ಶನಿವಾರ ಸಾರಥಿ ಗುನ್‌ಬ್ರಿಟ್‌ಗೆ ಪ್ರಶ್ನೆಗಳ ಮೇಲೆ ಮನಸ್ಸಿರಲಿಲ್ಲ. ಅವಳ ಹೆಣ್ಣುಕುದುರೆ ಸ್ವೆಯಾಗೆ ಹದಿನೈದು. ಹದಿನೈದು ದಾಟಿದ ಕುದುರೆ ಓಡುವಂತಿಲ್ಲ, ಆ ವರ್ಷದ ಪಂದ್ಯಗಳು ಅವತ್ತಿಗೆ ಮುಗಿಯುತ್ತಿದ್ದವು, ಹಾಗಾಗಿ ಇದೇ ಕೊನೆಯ ಪಂದ್ಯ. ಹನ್ನೊಂದು ವರ್ಷದಲ್ಲಿ ಸ್ವೆಯಾ ಗೆದ್ದದ್ದು ಒಂದೇ ಸಲ, ಅವತ್ತು ಹಿಮ ಬಿದ್ದು ಉಳಿದ ಕುದುರೆಗಳು ಮೈದಾನಕ್ಕೇ ಬಂದಿರಲಿಲ್ಲ. ಆದರೆ ಓಟವಿಲ್ಲದ ವಾರ ಅದು ಹುಲ್ಲು ಮುಟ್ಟದೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿತ್ತು. ನಾಳೆಯಿಂದ ಎಲ್ಲ ವಾರವೂ ಅಂಥ ವಾರವೇ.

ಕುದುರೆ ತೊಳೆದು, ನೀರು ತುಂಬಿದ ಬೂಟು ಒಲೆಯ ಪಕ್ಕ ಒಣಗಲಿಟ್ಟು ಕೂತಿದ್ದಾಗ ಮಾಹಿತಿ ವಿಭಾಗದ ಗುಮಾಸ್ತ ಟೂರ್‌ಬ್ಯೋರ್ನ್ ಫೋನ್ ಮಾಡಿದ.

"ಮೂವತ್ತೇಳು. ಬರಿಗಾಲಾ?"

"ಹೌದು. ಬೂಟು ಒದ್ದೆ ಆಗಿದೆ."

"ಬೂಟಿನ ಪುರಾಣಕ್ಕೆ ಇಲ್ಲಿ ಜಾಗ ಇಲ್ಲ. ಎಷ್ಟು ಕಾಲು?"

"ಇರೋದೆಲ್ಲಾ. ಎರಡು. ಬಂದು ಎಣಿಸ್ಕೊಂಡು ಹೋಗ್ತೀಯಾ?"

"ಬೇಡ, ನಂಬಿದೀನಿ. ನಾಲ್ಕು ಅಂದಿದ್ರೆ ಕುದುರೆ ಅಂತ ಬರೀತಿದ್ದೆ. ಎರಡು ಅಂದ್ರೆ ಸಾರಥಿ," ಎಂದು ಅವನು ಬರೆದುಕೊಂಡ.

ಹತ್ತು ನಿಮಿಷದಲ್ಲಿ ಧ್ವನಿವರ್ಧಕ ಹೇಳಿತು: "ಸಾರ್ವಜನಿಕರ ಗಮನಕ್ಕೆ. ಐದನೆಯ ಪಂದ್ಯ, ಏಳನೆಯ ಕುದುರೆ. ಸಾರಥಿ ಎರಡೂ ಕಾಲು ಬರಿಗಾಲು."

ಮೂವತ್ತು ವರ್ಷದಿಂದ ಗೆಲ್ಲುವ ಕುದುರೆಯನ್ನು ಮುಂಚೆಯೇ ಹೇಳುತ್ತ, ಮೂವತ್ತು ವರ್ಷದಿಂದ ಆಮೇಲೆ ಕಾರಣವನ್ನೂ ಹೇಳುತ್ತ ಬಂದಿದ್ದ ಸಿಕ್ಸ್‌ಟೆನ್ ಮೈಕು ಹಿಡಿದ. "ಐವತ್ತೆಂಟು ವರ್ಷದ ಹೆಂಗಸು ಈ ಚಳೀಲಿ ಸುಮ್ನೆ ಬೂಟು ಬಿಚ್ಚಲ್ಲ. ಬೂಟಿಗೊಂದು ಕಿಲೋ, ಎರಡು ಕಿಲೋ ಇಳೀತು. ಏಳನೇ ನಂಬರು ಇವತ್ತಿನ ಮೊಳೆ, ಗೆಲ್ಲೋದು ಗಟ್ಟಿ. ಬೇರೆ ಕಡೆ ನೋಡ್ಬೇಡಿ, ಬಡೀರಿ." ಜನ ದುಡ್ಡು ಬಡಿದರು. ಒಂದು ಕ್ರೋನಾಗೆ ಎಂಬತ್ತು ಕೊಡುತ್ತಿದ್ದ ಸ್ವೆಯಾ ಕಾಲು ಗಂಟೆಯಲ್ಲಿ ಒಂದೂವರೆಗೆ ಇಳಿಯಿತು.

ಗುನ್‌ಬ್ರಿಟ್ ಮುಖ್ಯ ತೀರ್ಪುಗಾರ್ತಿ ಉಲ್ರಿಕಾಳ ಕೋಣೆಗೆ ಬೂಟು ಹಿಡಿದುಕೊಂಡೇ ಹೋದಳು. "ಒಣಗ್ತು ಕಣೆ. ಹಾಕ್ಕೋತೀನಿ."

"ಹಾಕ್ಕೋ. ಘೋಷಣೆ ಬದಲಾಯಿಸಿದ್ರೆ ಕುದುರೆ ಪಂದ್ಯದಿಂದ ಹೊರಗೆ, ಅಷ್ಟೆ."

"ನೆಲ ಹೆಪ್ಪುಗಟ್ಟಿದೆ, ಉಲ್ರಿಕಾ."

"ನೆಲದ ವಿಚಾರ ಘೋಷಿಸಿ ಆಯ್ತು. ಬೆಳಗ್ಗೆ ಏಳಕ್ಕೇ."

ಗುನ್‌ಬ್ರಿಟ್ ಕಿಟಕಿಯಿಂದ ಹೊರಗೆ ನೋಡಿದಳು. ಸ್ವೆಯಾ ಕಿವಿ ನಿಮಿರಿಸಿಕೊಂಡು ಗಾಡಿ ಹೂಡುವುದನ್ನೇ ಕಾಯುತ್ತಿತ್ತು. ಅವಳು ಬೂಟನ್ನು ಅಲ್ಲೇ ಬಿಟ್ಟು ಬಂದಳು.

ಉಳಿದ ಹನ್ನೊಂದು ಸಾರಥಿಗಳು ಅನ್ಯಾಯವೆಂದು ಅರ್ಜಿ ಕೊಟ್ಟರು. ಬರಿಗಾಲಿನ ಸಾರಥಿಗೆ ಇಪ್ಪತ್ತು ಮೀಟರ್ ಹಿಂಬಡ್ತಿ, ಅಂದರೆ ಅಷ್ಟು ಹಿಂದಿನಿಂದ ಹೊರಡತಕ್ಕದ್ದು ಎಂದು ಆದೇಶವಾಯಿತು. ಹಿಂಬಡ್ತಿ ಕೊಡುವಷ್ಟು ಲಾಭವಿದೆಯೆಂದು ಅಧಿಕೃತ ಕಾಗದವೇ ಹೇಳಿದ ಮೇಲೆ ಹನ್ನೊಂದೂ ಜನ ಬೂಟು ಬಿಚ್ಚಿದರು. ಅವರು ಮೂವತ್ತೇಳನೆಯ ಸಾಲನ್ನು ಖಾಲಿ ಬಿಟ್ಟಿದ್ದರು, ಖಾಲಿಯನ್ನು ತುಂಬುವುದು ಬದಲಾವಣೆಯಲ್ಲ. ಎಲ್ಲರಿಗೂ ಹಿಂಬಡ್ತಿಯಾದ್ದರಿಂದ ಯಾರಿಗೂ ಆಗಿಲ್ಲವೆಂದು ಒಬ್ಬರು ತಕರಾರು ತೆಗೆದರು. ಅದನ್ನು ಮನ್ನಿಸಿ ಗೆಲುವಿನ ಗೆರೆಯನ್ನೂ ಇಪ್ಪತ್ತು ಮೀಟರ್ ಮುಂದಕ್ಕೆ ಸರಿಸಲಾಯಿತು.

ಪಂದ್ಯ ಶುರುವಾಯಿತು. ಈ ಓಟದಲ್ಲಿ ಕುದುರೆ ಕುಕ್ಕುಲೋಟದಲ್ಲೇ ಸಾಗಬೇಕು, ನಾಗಾಲೋಟಕ್ಕೆ ಬಿದ್ದರೆ ಆಟ ಮುಗಿಯಿತು. ಗಾಡಿಯ ತಣ್ಣನೆಯ ಕಬ್ಬಿಣದ ಮೇಲೆ ಪಾದ ಊರಿದ ಸಾರಥಿಗಳು ಮೊದಲ ತಿರುವಿಗೇ ನಡುಗತೊಡಗಿದರು. ನಡುಕ ಕಾಲಿನಿಂದ ಕೈಗೆ, ಕೈಯಿಂದ ಲಗಾಮಿಗೆ ಇಳಿಯಿತು. ಏನೋ ಅವಸರದ ಕೆಲಸವಿದೆಯೆಂದು ತಿಳಿದ ಕುದುರೆಗಳು ಒಂದೊಂದಾಗಿ ನಾಗಾಲೋಟ ಕಿತ್ತವು, ಒಂದೊಂದಾಗಿ ಹೊರಬಿದ್ದವು. ಗುನ್‌ಬ್ರಿಟ್ ಎಲ್ಲರಿಗಿಂತ ಜೋರಾಗಿ ನಡುಗುತ್ತಿದ್ದಳು. ಆದರೆ ಸ್ವೆಯಾ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಅವಳ ಲಗಾಮಿನ ಮಾತು ಕೇಳಿರಲಿಲ್ಲ, ಇವತ್ತೂ ಕೇಳಲಿಲ್ಲ. ಕುಕ್ಕುತ್ತ ಕುಕ್ಕುತ್ತ ಅದೊಂದೇ ಗೆರೆ ದಾಟಿತು. ದಾಟಿದ ಮೇಲೂ ನಿಲ್ಲದೆ ಇನ್ನೊಂದು ಸುತ್ತು ಹಾಕಿತು.

ಗೆದ್ದ ಕುದುರೆಗೆ ಹೊದಿಸುವ ಕಂಬಳಿಯನ್ನು ಗುನ್‌ಬ್ರಿಟ್‌ಳ ಪಾದಕ್ಕೆ ಹೊದಿಸಿ ಫೋಟೋ ತೆಗೆದರು. ಪಶುವೈದ್ಯರು ಬೆರಳ ಸಂದಿಯಿಂದ ಮಾದರಿ ತೆಗೆದು, ಮದ್ದು ಕೊಟ್ಟಿಲ್ಲವೆಂದು ಬರೆದುಕೊಟ್ಟರು. ಫಲಿತಾಂಶದ ಹಲಗೆಯಲ್ಲಿ 'ವಿಜೇತರು: ಸಾರಥಿಯ ಪಾದಗಳು' ಎಂದು ಬಂತು.

"ಓಡಿದ್ದು ಕುದುರೆ ಅಲ್ವೇನೆ?" ಎಂದಳು ಗುನ್‌ಬ್ರಿಟ್.

ಉಲ್ರಿಕಾ ದನಿ ತಗ್ಗಿಸಿದಳು. "ಜನ ಕಟ್ಟಿದ್ದು ಪಾದದ ಮೇಲೆ. ಕಟ್ಟಿದ್ದೊಂದು, ಗೆದ್ದದ್ದೊಂದು ಅಂತ ಆದ್ರೆ ನಾಳೆ ಯಾರು ಕಟ್ತಾರೆ? ಪಾದಾನೇ ಗೆಲ್ಲಲಿ ಬಿಡು."

"ಹಾಗಾದ್ರೆ ಸ್ವೆಯಾ ಏನು?"

ಟೂರ್‌ಬ್ಯೋರ್ನ್ ನಿಯಮದ ಪುಸ್ತಕ ತಿರುವಿ ಹಾಕಿದ. "ಗಾಡಿ, ಲಗಾಮು, ಚಾವಟಿ... ಗೆದ್ದವರು ಬಳಸಿದ್ದೆಲ್ಲ ಸಲಕರಣೆ."

ಗುನ್‌ಬ್ರಿಟ್ ಕಂಬಳಿಯೊಳಗೆ ಬೆರಳು ಆಡಿಸಿದಳು. "ಸಲಕರಣೆಗೆ ವಯಸ್ಸಿನ ಮಿತಿ ಇದೆಯಾ?"

"ಸಲಕರಣೆಗಾ? ತುಕ್ಕು ಹಿಡಿದಿರಬಾರದು, ಅಷ್ಟೆ."

ಮುಂದಿನ ವಸಂತದ ಮೊದಲ ಪಂದ್ಯಕ್ಕೆ ಗುನ್‌ಬ್ರಿಟ್‌ಳ ಪಾದಗಳ ಹೆಸರು ನೋಂದಣಿಯಾಯಿತು. ಬಲಪಾದದ ಆಣಿಯ ಬಗ್ಗೆ ಪತ್ರಿಕೆಯಲ್ಲಿ ಸಿಕ್ಸ್‌ಟೆನ್ ಅರ್ಧ ಪುಟ ಬರೆದ. ತಪಾಸಣೆಯ ಅಧಿಕಾರಿ ಬಂದು ಗಾಡಿಯ ಗಾಲಿ ತಿರುಗಿಸಿ ನೋಡಿದರು, ಲಗಾಮು ಎಳೆದು ನೋಡಿದರು, ಹದಿನಾರು ವರ್ಷದ ಸ್ವೆಯಾಳ ಬೆನ್ನನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ತುಕ್ಕಿಲ್ಲವೆಂದು ಸಹಿ ಹಾಕಿದರು.